ಅಡಿಸನ್ ಕಾಯಿಲೆ: ಮಾತ್ರೆ ಹೇಗೆ, ಉಪ್ಪು ಎಷ್ಟು?

ಬಿಪಿ ಇರುವ ಮನೆಯಲ್ಲಿ ಸಾರು ಸಪ್ಪೆ. ಅದೇ ಮನೆಯಲ್ಲಿ ಅಡಿಸನ್ ಕಾಯಿಲೆಯವರೂ ಇದ್ದರೆ, ಆ ಸಪ್ಪೆ ಸಾರು ಅವರಿಗೆ ಒಗ್ಗುವುದಿಲ್ಲ. ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್, ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ತಯಾರಿಸುತ್ತವೆ. ಎರಡನೆಯದು ಮೈಯಲ್ಲಿ ಉಪ್ಪು ಹಿಡಿದಿಡುತ್ತದೆ. ಅಡಿಸನ್ ಎಂದರೆ ಈ ಗ್ರಂಥಿಗಳು ಹಾಳಾಗುವುದು. ಆಗ ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ, ಬಿಪಿ ಕುಸಿಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಟಿಬಿಯೂ ಒಂದು ಮುಖ್ಯ ಕಾರಣ.

ಮೊದಲು ಹೈಡ್ರೊಕಾರ್ಟಿಸೋನ್, ಕಾರ್ಟಿಸಾಲ್ ಬದಲಿಗೆ ಕೊಡುವ ಮಾತ್ರೆ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿ.ಗ್ರಾಂ, ಎರಡು ಮೂರು ಸಲ ಹಂಚಿ ಕೊಡುತ್ತಾರೆ. ದೊಡ್ಡ ಪಾಲು ಎದ್ದ ಕೂಡಲೇ. ಆರೋಗ್ಯವಂತರಲ್ಲೂ ಕಾರ್ಟಿಸಾಲ್ ಜಾಸ್ತಿ ಇರುವುದು ಬೆಳಗ್ಗೆಯೇ, ಅದಕ್ಕೆ. ಮಾತ್ರೆಯನ್ನೂ ಒಂದು ಲೋಟ ನೀರನ್ನೂ ರಾತ್ರಿಯೇ ತಲೆದೆಸೆಯಲ್ಲಿ ಇಟ್ಟುಕೊಳ್ಳಿ.

ಜೊತೆಗೆ ಬೆಳಗ್ಗೆ ಒಮ್ಮೆ ಫ್ಲೂಡ್ರೊಕಾರ್ಟಿಸೋನ್. ಆಲ್ಡೋಸ್ಟೆರಾನ್‌ನ ಕೆಲಸ ಇದರದು.

ಇನ್ನು ಉಪ್ಪು. ನಾಲಿಗೆ ಕೇಳಿದಷ್ಟು ಹಾಕಿಕೊಳ್ಳಿ, ಅಳುಕಬೇಡಿ. ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿದ ದಿನ ಮಜ್ಜಿಗೆಗೆ ಇನ್ನೊಂದು ಚಿಟಿಕೆ ಬೀಳಲಿ. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪು ಮಾತ್ರ ಖಂಡಿತ ಬೇಡ. ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ, ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವುದೇ ಪೊಟ್ಯಾಸಿಯಂ. ಸುಸ್ತಾದರೆ ನಾವು ಮೊದಲು ಎಳನೀರು ಕೊಡುತ್ತೇವೆ, ಅಲ್ವಾ? ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿಯೇ ವಾಸಿ.

ಪ್ರಮಾಣ ಸರಿ ಇದೆಯೇ? ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿ ಬರೆದಿಡಿ. ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತಿದ್ದರೆ, ಉಪ್ಪಿನಕಾಯಿಗೇ ಮನಸ್ಸು ಎಳೆಯುತ್ತಿದ್ದರೆ ಔಷಧಿಯೋ ಉಪ್ಪೋ ಸಾಲುತ್ತಿಲ್ಲ. ಪಾದ ಊದಿಕೊಂಡು ಬಿಪಿ ಏರಿದರೆ ಹೆಚ್ಚಾಗಿರಬಹುದು. ಆ ಚೀಟಿ ಡಾಕ್ಟರಿಗೆ ತೋರಿಸಿ. ಸುಮ್ನೆ ನೀವೇ ಮಾತ್ರೆ ಬಿಡಬೇಡಿ, ಒಂದು ದಿನವೂ.

ಜ್ವರ ಬಂದಾಗ ಮೈಗೆ ಕಾರ್ಟಿಸಾಲ್ ಜಾಸ್ತಿ ಬೇಕು. ಸಾಮಾನ್ಯವಾಗಿ 100.4 ಡಿಗ್ರಿ ದಾಟಿದರೆ ಹೈಡ್ರೊಕಾರ್ಟಿಸೋನ್ ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು. ವಾಸಿಯಾದ ಮೇಲೆ ಮತ್ತೆ ಮೊದಲಿನಷ್ಟೇ. ನಿಮ್ಮ ಲೆಕ್ಕವನ್ನು ಡಾಕ್ಟರ ಕೈಯಲ್ಲಿ ಮೊದಲೇ ಬರೆಸಿಕೊಳ್ಳಿ.

ವಾಂತಿ ಶುರುವಾದರೆ ಮಾತ್ರೆ ಒಳಗೆ ನಿಲ್ಲುವುದಿಲ್ಲ. ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ದೊಡ್ಡವರಿಗೆ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಜೊತೆಗೆ ಸಲೈನ್ ತಕ್ಷಣ ಬೇಕು. ರಾತ್ರಿ ಪಾಳಿಯ ಡಾಕ್ಟರಿಗೆ ನಿಮ್ಮ ಕಾಯಿಲೆ ಗೊತ್ತಿರುವುದಿಲ್ಲ. ಪರ್ಸಿನಲ್ಲಿ ಒಂದು ಕಾರ್ಡ್ ಇರಲಿ: ‘ನನಗೆ ಅಡಿಸನ್ ಕಾಯಿಲೆ ಇದೆ, ತಕ್ಷಣ ಹೈಡ್ರೊಕಾರ್ಟಿಸೋನ್ ಕೊಡಿ.’