ಒಳಗಿರುವ ಪ್ರೀತಿಯನ್ನು ಹುಡುಕುವ ಬಗೆ: ಚಂದ್ರಯಾನ ಕಲಿಸುವ ಕ್ರಮ

ಬೇಸಿಗೆಯ ರಾತ್ರಿ ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದವರಿಗೆ ಚಂದ್ರ ಹತ್ತಿರದಲ್ಲಿಯೇ ಇರುವಂತೆ ಕಾಣುತ್ತಾನೆ. ಅವನಿರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಆದರೂ ಅವನು ಯಾವ ಗಳಿಗೆಗೆ ಎಲ್ಲಿರುತ್ತಾನೆಂದು ಮೊದಲೇ ಲೆಕ್ಕ ಹಾಕಬಹುದು. ಅದೇ ಮಾಳಿಗೆಯ ಮೇಲೆ ನಾಲ್ಕು ಮೊಳದಾಚೆ ಮಲಗಿರುವ ಅಣ್ಣನ ಬಗ್ಗೆ ನಮ್ಮೊಳಗೆ ಪ್ರೀತಿ ಉಳಿದಿದೆಯೇ, ಉಳಿದಿದ್ದರೆ ಯಾವ ಸಿಟ್ಟಿನ ಕೆಳಗೆ ಹೂತಿದೆ ಎಂಬುದಕ್ಕೆ ಅಂತಹ ಲೆಕ್ಕವಿಲ್ಲ. ಆದ್ದರಿಂದ ಈ ಎರಡನೆಯ ಪಯಣವೇ ಹೆಚ್ಚು ಜಟಿಲವೆಂದು ನಾನು ನಂಬಿದ್ದೇನೆ. ಆದರೆ ಮೊದಲನೆಯದರ ಕ್ರಮ ಇದಕ್ಕೂ ನೆರವಾಗುತ್ತದೆ.

ಮೊದಲು ಅತ್ಯಂತ ಹತ್ತಿರದ ಒಬ್ಬರನ್ನು ಆರಿಸಿಕೊಳ್ಳಿ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3 ನೇರವಾಗಿ ಚಂದ್ರನತ್ತ ಹಾರಲಿಲ್ಲ. ಭೂಮಿಯನ್ನು ದೀರ್ಘವೃತ್ತದಲ್ಲಿ ಸುತ್ತುತ್ತ, ಐದು ಹಂತಗಳಲ್ಲಿ ತನ್ನ ಕಕ್ಷೆಯನ್ನು ಹಿಗ್ಗಿಸಿಕೊಂಡು, ಆಗಸ್ಟ್ ಮೊದಲ ದಿನ ಚಂದ್ರನ ದಾರಿ ಹಿಡಿಯಿತು. ನೌಕೆ ಭೂಮಿಗೆ ತೀರ ಸಮೀಪ ಬಂದಾಗ ಅದರ ವೇಗ ಅತಿ ಹೆಚ್ಚಿರುತ್ತದೆ, ಆಗ ಎಂಜಿನ್ನನ್ನು ಸ್ವಲ್ಪ ಹೊತ್ತು ಉರಿಸಿದರೂ ಅದೇ ಇಂಧನದಿಂದ ಹೆಚ್ಚು ಶಕ್ತಿ ದೊರೆಯುತ್ತದೆ. ಲೋಕವನ್ನೆಲ್ಲ ಪ್ರೀತಿಸುತ್ತೇನೆಂದು ಒಮ್ಮೆಗೇ ಹೊರಡುವವರು ಇದನ್ನು ಗಮನಿಸಬೇಕು. ದಿನಕ್ಕೊಮ್ಮೆ, ಊಟದ ಹೊತ್ತಿಗೋ ಮಲಗುವ ಮುನ್ನವೋ, ಆರಿಸಿಕೊಂಡವರಿಗಾಗಿ ಒಂದು ಚಿಕ್ಕ ಕೆಲಸ ಮಾಡಿ, ಆಮೇಲೆ ಐದು ನಿಮಿಷ ಸುಮ್ಮನೆ ಕುಳಿತು ಒಳಗೆ ಏನಾಯಿತೆಂದು ನೋಡಿ. ಹಿಂಜರಿಕೆ ಕಂಡರೆ ಹಿಂಜರಿಕೆ ಎಂದೇ ಬರೆದಿಟ್ಟುಕೊಳ್ಳಿ.

ಹೊರಡುವುದಕ್ಕಿಂತ ಇಳಿಯುವುದು ಕಷ್ಟ. ಚಂದ್ರನಲ್ಲಿ ಪ್ಯಾರಾಚೂಟಿಗೆ ಆಸರೆಯಾಗುವಷ್ಟು ಗಾಳಿ ಇಲ್ಲ; ಹೀಗಾಗಿ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿದ್ದ ವಿಕ್ರಮ್ ಲ್ಯಾಂಡರ್ ತನ್ನ ಎಂಜಿನ್ನುಗಳಿಂದಲೇ ಆ ವೇಗವನ್ನು ಕಳೆದುಕೊಳ್ಳಬೇಕಾಯಿತು. ಭೂಮಿಯಿಂದ ಹೊರಟ ಸಂಕೇತ ಅಲ್ಲಿಗೆ ಮುಟ್ಟಲು 1.3 ಸೆಕೆಂಡು ಬೇಕು, ಆದ್ದರಿಂದ ಕೊನೆಯ ನಿಮಿಷಗಳ ನಿರ್ಧಾರಗಳು ಅದರೊಳಗೆ ಮೊದಲೇ ಸಿದ್ಧವಾಗಿದ್ದವು. ಜಗಳದ ನಡುವೆ ನಮಗೂ ಯಾರನ್ನೂ ಕೇಳಲು ಸಮಯವಿರುವುದಿಲ್ಲ. ಯಾವ ಮಾತನ್ನು ಎಂದಿಗೂ ಆಡಬಾರದು, ಯಾವಾಗ ಎದ್ದು ನೀರು ಕುಡಿದು ಬರಬೇಕು ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ತೀರ್ಮಾನಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸೋಲಿನ ಲೆಕ್ಕ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಬಳಿಕ ಎಂಜಿನಿಯರುಗಳು ಏನೇನು ಕೆಡಬಹುದೆಂಬ ಪ್ರಶ್ನೆಯಿಂದಲೇ ಹೊಸ ವಿನ್ಯಾಸವನ್ನು ಆರಂಭಿಸಿದರು. ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, 500 ಮೀಟರ್ ಉದ್ದಗಲದ ಇಳಿದಾಣವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ತೊಗರಿ ಹೊಲ ಪಾಲಾದ ಮೇಲೆ ಅಣ್ಣನೇ ಮೊದಲು ತಪ್ಪೊಪ್ಪಿಕೊಳ್ಳಬೇಕು, ಅದೂ ಅವ್ವನ ಎದುರಿಗೇ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ನನ್ನ ಇಳಿದಾಣ ಅಷ್ಟು ಕಿರಿದಾಗಿತ್ತು. ಅವನು ಹೇಗೆ ಉತ್ತರಿಸಿದರೂ ಸರಿ ಎಂದುಕೊಂಡ ದಿನ "ಊಟ ಆತೇನಣ್ಣ?" ಎಂದು ಕೇಳಲು ಸಾಧ್ಯವಾಯಿತು. ನಿಮ್ಮ ಪ್ರೀತಿ ಯಾವ ಯಾವ ಷರತ್ತಿಗೆ ತಗಲಿ ಮುರಿಯುತ್ತದೆಂದು ಪಟ್ಟಿ ಮಾಡಿ, ವಾರಕ್ಕೊಂದರಂತೆ ಷರತ್ತುಗಳನ್ನು ಸಡಿಲಿಸುತ್ತ ಬನ್ನಿ. ಇದು ಮನೆಯಲ್ಲಿ ಕೈಗೂಡದಿದ್ದರೆ ಶರಣಬಸವೇಶ್ವರ ದೇವಸ್ಥಾನದ ದಾಸೋಹದಲ್ಲಿ ಒಂದು ಹೊತ್ತು ಬಡಿಸಿ. ಎದುರಿಗೆ ಕುಳಿತವರು ಯಾರೆಂದು ಕೇಳದೆ ಕೊಡುವುದು ಕೈಗೆ ರೂಢಿಯಾದರೆ ಮನಸ್ಸಿಗೂ ಆಗುತ್ತದೆ.

ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಮ್ಮ ಒಳಗಿನ ಅನುಭವವನ್ನು ಇತರರ ಮುಂದಿಟ್ಟು ಪರೀಕ್ಷೆಗೆ ಒಡ್ಡುತ್ತಿದ್ದರು. ನೀವು ಬರೆದದ್ದನ್ನು ತಿಂಗಳಿಗೊಮ್ಮೆ ನಂಬಿಕಸ್ಥರೊಬ್ಬರಿಗೆ ಓದಿ ಹೇಳಿ, ಅವರು ಎತ್ತಿ ತೋರಿದ ತಪ್ಪನ್ನು ತಿದ್ದಿಕೊಳ್ಳಿ. ಆ ಬಳಿಕವೇ ಎರಡನೆಯ ವ್ಯಕ್ತಿಯನ್ನು, ಮೊದಲಿನವರಿಗಿಂತ ತುಸು ದೂರದವರನ್ನು, ಆರಿಸಿಕೊಳ್ಳಿ.