ಏರೋಬಾರ್ ಹಾಕಿಸುವ ಮೊದಲು ಸೀಟು ನೋಡಿ
ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿಗೆ, ಏರೋಬಾರ್ (ಮೊಣಕೈ ಊರಿ ಬಾಗಿ ಓಡಿಸಲು ಹ್ಯಾಂಡಲಿಗೆ ಸೇರಿಸುವ ಸರಳು) ಹಾಕಿಸಿ ಸುಮ್ನೆ ಮುಂದಕ್ಕೆ ಬಾಗಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಅಲ್ವಾ? ಕಾರಣ ಸೀಟ್ ಟ್ಯೂಬಿನ (ಪೆಡಲ್ ಅಚ್ಚಿನ ಕಡೆಯಿಂದ ಸೀಟಿನ ಕಡೆಗೆ ಏರುವ ಫ್ರೇಮ್ ಕೊಳವೆಯ) ಕೋನ. ರೋಡ್ ಬೈಕಿನಲ್ಲಿ ಅದು ಸುಮಾರು 73 ಡಿಗ್ರಿ, ಟ್ರಯಥ್ಲಾನ್ (ಈಜು, ಸೈಕಲ್, ಓಟ ಸೇರಿದ ಸ್ಪರ್ಧೆ) ಬೈಕಿನಲ್ಲಿ ಸಾಮಾನ್ಯವಾಗಿ 76ರಿಂದ 80. ಕೋನ ಹೆಚ್ಚಾದಷ್ಟೂ ಸೀಟು ಮುಂದೆ ಬರುತ್ತದೆ, ಸೀಟು ಮುಂದೆ ಬಂದಷ್ಟೂ ಸೊಂಟದ ಹತ್ತಿರ ಜಾಗ ಸಿಗುತ್ತದೆ.

ಹಾಗಾಗಿ ಮೊದಲು ಸೀಟನ್ನು ಮುಂದಕ್ಕೆ ಸರಿಸಿ. ಸೀಟಿನ ಕೆಳಗಿರುವ ರೈಲ್ (ಸರಳು) ಮೇಲಿನ ಗುರುತು ಮಾತ್ರ ದಾಟಬೇಡಿ. ಸೀಟು ಮುಂದೆ ಬಂದರೆ ಪೆಡಲಿಗೆ ದೂರ ಕಮ್ಮಿಯಾಗುತ್ತದೆ, ಅದಕ್ಕೆ ಕೆಲವು ಮಿಲಿಮೀಟರ್ ಮೇಲೆತ್ತಿ. ಇದನ್ನು ಮರೆಯುವವರೇ ಜಾಸ್ತಿ. ಆಮೇಲೂ ಕೈ ತೀರಾ ಚಾಚಬೇಕಾದರೆ ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಬೈಕಿಗೆ ಜೋಡಿಸುವ ತುಂಡು) ಹಾಕಿಸಿ.

ಹೊಸ ಫ್ರೇಮ್ ಕೊಳ್ಳುವವರು ‘ಮೀಡಿಯಂ’ ಅಂತ ಬರೆದದ್ದನ್ನು ನಂಬಬೇಡಿ. ಸ್ಟ್ಯಾಕ್, ರೀಚ್ ಎಷ್ಟು ಅಂತ ಕೇಳಿ. ಬಾಟಮ್ ಬ್ರಾಕೆಟ್‌ನಿಂದ (ಪೆಡಲ್ ಅಚ್ಚು ಕೂರುವ ಜಾಗ) ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆ) ಮೇಲ್ತುದಿಗಿರುವ ಎತ್ತರ ಸ್ಟ್ಯಾಕ್, ಅಡ್ಡ ದೂರ ರೀಚ್. ಬೆನ್ನು ಬಾಗದವರಿಗೆ ಸ್ಟ್ಯಾಕ್ ಜಾಸ್ತಿ ಇರುವುದೇ ಒಳ್ಳೆಯದು.