ಪೀಣ್ಯದ ಮುನ್ನೋಟ ಬರೆಯಲು ಕೂತಾಗ

2021ರ ಜನವರಿ ಕೊನೆಗೆ ಪ್ರಾದೇಶಿಕ ಕಚೇರಿಯಿಂದ ಮೇಲ್ ಬಂತು. ನಿಮ್ಮ ಸುತ್ತಲಿನ ಕೈಗಾರಿಕೆಗಳು ಮುಂದಿನ ಆರು ತಿಂಗಳು ಹೇಗಿರುತ್ತವೆ, ಎರಡು ಪುಟದಲ್ಲಿ ಬರೆದು ಕಳಿಸಿ ಅಂತ. ನಾನಾಗ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ ಸಾಲದ ಫೈಲುಗಳನ್ನು ನೋಡಿಕೊಳ್ಳುತ್ತಿದ್ದೆ.

2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನಂತೆ ಶೇ 23.9 ಕುಸಿದಿತ್ತು. ಆದರೆ ಪೀಣ್ಯದ ಲೇಥ್ ಶೆಡ್ಡುಗಳಿಗೆ, ಅಂದರೆ ಲೋಹ ಕೆತ್ತಿ ಬಿಡಿಭಾಗ ಮಾಡುವ ಸಣ್ಣ ಘಟಕಗಳಿಗೆ, ಕಷ್ಟ ಶುರುವಾದದ್ದು ಕೊರೊನಾದಿಂದಲ್ಲ. 2019ರಲ್ಲೇ ವಾಹನ ಮಾರಾಟ ಬಿದ್ದು, ವಾಹನದ ಹೊಗೆಗೆ ಹೊಸ ಮಾನದಂಡವಾದ ಬಿಎಸ್-6 ಬರುವ ಮೊದಲೇ ಆಟೊ ಬಿಡಿಭಾಗದವರ ಎರಡನೇ ಶಿಫ್ಟ್ ನಿಂತುಹೋಗಿತ್ತು. ಹಾಗಾಗಿ 2019ಕ್ಕೆ ಹೋಲಿಸಿದರೆ ಸಾಕೆನ್ನುವುದೇ ತಪ್ಪು. ಇದು ನನಗೆ ಆಮೇಲೆ ಹೊಳೆಯಿತು.

ನಾನು ಮಾಡಿದ್ದು ಸುಲಭದ ಕೆಲಸ. ನಲವತ್ತು ಗ್ರಾಹಕರು ತಿಂಗಳ ವಹಿವಾಟು ತೋರಿಸಿ ಸಲ್ಲಿಸಿದ ಜಿಎಸ್‌ಟಿ 3ಬಿ ರಿಟರ್ನ್ ತೆಗೆಸಿ, ಡಿಸೆಂಬರ್‌ಗೆ ಹಿಂದಿನ ಡಿಸೆಂಬರ್ ಹೋಲಿಸಿದೆ. ಅರ್ಧಕ್ಕಿಂತ ಹೆಚ್ಚು ಜನರ ವಹಿವಾಟು ಮೇಲಿತ್ತು. ‘ಚೇತರಿಕೆ ಸ್ಪಷ್ಟ’ ಎಂದು ಬರೆದು ಕಳಿಸಿಯೂಬಿಟ್ಟೆ.

ಮಾರನೇ ವಾರ ಸಾಲದ ಲಿಮಿಟ್ ನವೀಕರಣಕ್ಕೆಂದು ಒಂದು ಶೆಡ್ಡಿಗೆ ಹೋದೆ. ಕಂಪ್ಯೂಟರ್ ನಡೆಸುವ ನಾಲ್ಕು ಸಿಎನ್‌ಸಿ ಮಷಿನ್‌ಗಳಲ್ಲಿ ಎರಡಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು.

‘ವಹಿವಾಟು ಚೆನ್ನಾಗಿದೆಯಲ್ಲ ಸಾರ್?’ ಅಂದೆ.

‘ಮೇಡಂ, ಅದು ಉಕ್ಕಿನ ರೇಟು. ನನ್ನದಲ್ಲ. ಇದನ್ನ ನೋಡಿ’ ಎಂದು ಮಾಲೀಕರು ಮೇಜಿನ ಖಾನೆಯಿಂದ ಕಾಟಾ ಚೀಟಿಗಳ ಕಟ್ಟು ತೆಗೆದರು. ಚಿಪ್ಸ್, ಅಂದರೆ ಮಷಿನ್ ಕೆತ್ತಿ ಉದುರಿಸಿದ ಲೋಹದ ಸುರುಳಿಗಳನ್ನು ಗುಜರಿಯವನಿಗೆ ತೂಗಿಕೊಟ್ಟ ಚೀಟಿಗಳು. ಹಣ ಬೇಡ, ಕಿಲೋ ಮಾತ್ರ ಓದಿ ಅಂದರು. ಕೂಡಿ ನೋಡಿದೆ. ವಹಿವಾಟು ಏರಿದ್ದ ತಿಂಗಳಲ್ಲೇ ತೂಕ ಇಳಿದಿತ್ತು. ಅಂದರೆ ಮಷಿನ್ ಕೆತ್ತಿದ್ದೇ ಕಡಿಮೆ.

2020ರ ಎರಡನೇ ಅರ್ಧದಿಂದ ಉಕ್ಕು ಜಿಗಿದಿತ್ತು. ಸ್ವಂತ ಮಾಲು ತಂದು ಪಾರ್ಟ್ ಮಾಡಿಕೊಡುವವರ ಬಿಲ್ಲಿನಲ್ಲಿ ಆ ದರವೂ ಸೇರಿ ವಹಿವಾಟು ಉಬ್ಬುತ್ತದೆ. ಗಿರಾಕಿಯ ಮಾಲಿನ ಮೇಲೆ ಬರೀ ಜಾಬ್‌ವರ್ಕ್ ಮಾಡುವವರ ಬಿಲ್ಲಿನಲ್ಲಿ ಇರುವುದು ಕೂಲಿ ಮಾತ್ರ. ನಲವತ್ತರಲ್ಲಿ ಇವರನ್ನು ಬೇರೆ ಮಾಡಿದೆ. ಅವರ ಲೆಕ್ಕ ಇನ್ನೂ ಕೆಳಗೇ ಇತ್ತು.

ಕರೆಂಟ್ ಬಿಲ್ಲನ್ನೂ ತರಿಸಿದೆ. ಅಲ್ಲೂ ಮೊತ್ತ ಮೋಸ ಮಾಡುತ್ತದೆ, ಏಕೆಂದರೆ ಲಾಕ್‌ಡೌನಿನಲ್ಲಿ ಸಣ್ಣ ಕೈಗಾರಿಕೆಗಳಿಗೆ ಸರ್ಕಾರ ಎರಡು ತಿಂಗಳ ಫಿಕ್ಸೆಡ್ ಚಾರ್ಜ್ (ಕರೆಂಟ್ ಬಳಸದಿದ್ದರೂ ಕಟ್ಟಬೇಕಾದ ಹಣ) ಮನ್ನಾ ಮಾಡಿತ್ತು. ಯೂನಿಟ್ ಸಾಲನ್ನಷ್ಟೇ ಬರೆದುಕೊಂಡೆ. ಚೀಟಿಯ ಕಿಲೋ ಹೇಳಿದ್ದನ್ನೇ ಯೂನಿಟ್ಟೂ ಹೇಳಿತು.

ಇನ್ನೊಂದು ಲೆಕ್ಕ ಬಾಕಿ ಬರಬೇಕಾದ ಹಣದ್ದು. ಸಣ್ಣ ಉದ್ದಿಮೆಗಳಿಗಾಗಿ ಇರುವ ಎಂಎಸ್‌ಎಂಇ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಪಾವತಿಯಾಗಬೇಕು. ನಾನು ನೋಡಿದ ಪಟ್ಟಿಗಳಲ್ಲಿ ಮೂರು ನಾಲ್ಕು ತಿಂಗಳು ಸಾಮಾನ್ಯ. ದೂರು ಕೊಡಿ ಅಂದರೆ ನಗುತ್ತಾರೆ. ಕೊಟ್ಟ ಮೇಲೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ?

ಹೀಗಾಗಿ ಎರಡನೇ ಟಿಪ್ಪಣಿ ಕಳಿಸಿದೆ: ಕೆಲಸ ಪೂರ್ತಿ ಬಂದಿಲ್ಲ, ಬಂದ ಕೆಲಸದ ದುಡ್ಡು ತಿರುಗುತ್ತಿಲ್ಲ. ಹೊಸ ಮಷಿನ್‌ಗೆ ಸಾಲ ಬೇಡ, ದುಡಿಯುವ ಬಂಡವಾಳಕ್ಕೆ, ಅಂದರೆ ದಿನನಿತ್ಯದ ಖರ್ಚಿಗೆ ಕೊಡೋಣ. ಹಿಂದಿನ ಟಿಪ್ಪಣಿ ಹಿಂಪಡೆಯುತ್ತೇನೆ ಎಂಬ ಸಾಲು ಬರೆಯಲು ಅರ್ಧ ದಿನ ಹಿಡಿಯಿತು ಅನ್ನುವುದನ್ನೂ ಹೇಳಬೇಕು. ಮೇಲಿನಿಂದ ಉತ್ತರ ಬರಲಿಲ್ಲ. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಎರಡೂ ಟಿಪ್ಪಣಿ ಫೈಲಿನಲ್ಲೇ ಕೂತವು.

ಆಗಸ್ಟ್ ಕೊನೆಗೆ, ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 20.1 ಬೆಳೆಯಿತು ಎಂದು ಸುದ್ದಿ. ಸಹೋದ್ಯೋಗಿಯೊಬ್ಬರು ‘ನೋಡಿ, ನಿಮ್ಮ ಮೊದಲ ಟಿಪ್ಪಣಿಯೇ ಸರಿ’ ಅಂದರು. ಕಾಗದ ತೆಗೆದು ತೋರಿಸಿದೆ: 100 ಇದ್ದದ್ದು 76ಕ್ಕೆ ಇಳಿದು, ಅಲ್ಲಿಂದ ಐದನೇ ಒಂದು ಪಾಲು ಏರಿದರೂ ಹತ್ತಿರಹತ್ತಿರ 91. ಎರಡು ವರ್ಷದ ಹಿಂದಿನ ಜಾಗಕ್ಕೂ ಮುಟ್ಟಿಲ್ಲ.

ಆ ಶೆಡ್ಡಿನ ಮೂರನೇ ಮಷಿನ್‌ನ ಪ್ಲಾಸ್ಟಿಕ್ ತೆಗೆದದ್ದು ದೀಪಾವಳಿಯ ಹೊತ್ತಿಗೆ. ನಾಲ್ಕನೆಯದನ್ನು ಅವರು ಮಾರಿಬಿಟ್ಟರು.